ಸೇರಲೊಂದು ಜಾಗ: ಎಮ್ಯಾನ್ಸಿಪೇಶನ್ ಪಾರ್ಕಿಗೆ ನೂರೈವತ್ತು ವರ್ಷ

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಥರ್ಡ್ ವಾರ್ಡ್ ಪ್ರದೇಶದಲ್ಲಿರುವ ಎಮ್ಯಾನ್ಸಿಪೇಶನ್ ಪಾರ್ಕಿಗೆ 2022ರಲ್ಲಿ ನೂರೈವತ್ತು ವರ್ಷ ತುಂಬಿತು. ಹೆಸರಿನಲ್ಲಿ ಪಾರ್ಕ್ ಎಂದಿದ್ದರೂ ಅದು ಗಿಡಮರಗಳ ನಡುವೆ ಬೆಂಚು ಹಾಕಿರುವ ಉದ್ಯಾನವಷ್ಟೇ ಅಲ್ಲ. ಅದರ ನಡುವೆ ಒಂದು ಹಳೆಯ ಸಮುದಾಯ ಭವನವಿದೆ, ಆಟದ ಅಂಗಣಗಳಿವೆ, ಈಜುಕೊಳವಿದೆ. ಸುತ್ತಲಿನ ಕಪ್ಪು ಜನರು ಹಲವು ತಲೆಮಾರುಗಳಿಂದ ಸಭೆ, ಸಂಗೀತ, ಮದುವೆಯ ಔತಣ, ಮಕ್ಕಳ ಆಟ ಎಲ್ಲಕ್ಕೂ ಅಲ್ಲಿಗೇ ಬರುತ್ತಿದ್ದಾರೆ. ಆ ವರ್ಷದ ಜೂನ್‌ಟೀಂತ್ ಹಬ್ಬಕ್ಕೆ, ಅಂದರೆ ಟೆಕ್ಸಾಸ್‌ನಲ್ಲಿ ಗುಲಾಮಗಿರಿ ಕೊನೆಗೊಂಡ ದಿನದ ಆಚರಣೆಗೆ, ನಾನೂ ಹೋಗಿದ್ದೆ. ಆದರೆ ಹಬ್ಬಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೆಲವನ್ನು ಕೊಂಡ ಕತೆ. ಬಿಡುಗಡೆಯಾಗಿ ಏಳೇ ವರ್ಷಗಳಲ್ಲಿ, ಕೈಯಲ್ಲಿ ಕಾಸು ನಿಲ್ಲದ ಕಾಲದಲ್ಲಿ, ಈ ಜನರು ತಮ್ಮೊಳಗೇ ಚಂದಾ ಎತ್ತಿ ಹತ್ತು ಎಕರೆ ನೆಲ ಕೊಂಡದ್ದು ಉಳುವುದಕ್ಕಲ್ಲ, ವರ್ಷಕ್ಕೊಮ್ಮೆ ಒಟ್ಟಾಗಿ ಸೇರಿ ಹಬ್ಬ ಮಾಡುವುದಕ್ಕೆ. ಮೊದಲ ನೋಟಕ್ಕೆ ಇದು ವಿಚಿತ್ರವಾಗಿ ತೋರಬಹುದು. ಅವರಿಗೆ ಬಿಡುಗಡೆ ಯಾವ ಮಾತುಗಳಲ್ಲಿ ಬಂತು ಎಂಬುದನ್ನು ಓದಿದ ಮೇಲೆ ನನಗೆ ಹಾಗೆ ತೋರಲಿಲ್ಲ.

ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ದಂಗೆಯೆದ್ದ ದಕ್ಷಿಣದ ರಾಜ್ಯಗಳಲ್ಲಿರುವ ಗುಲಾಮರೆಲ್ಲ ಇನ್ನು ಮುಂದೆ ಸ್ವತಂತ್ರರು ಎಂದು ಅದು ಸಾರಿತು. ಆದರೆ ಯೂನಿಯನ್ ಸೇನೆ, ಅಂದರೆ ಲಿಂಕನ್ ಸರ್ಕಾರದ ಸೇನೆ, ಕಾಲಿಟ್ಟ ಕಡೆ ಮಾತ್ರ ಆ ಮಾತಿಗೆ ಬೆಲೆಯಿತ್ತು. ಟೆಕ್ಸಾಸ್‌ಗೆ ಆ ಸೇನೆ ಸರಿಯಾಗಿ ತಲುಪಿದ್ದು ಅಂತರ್ಯುದ್ಧ ಮುಗಿದ ಮೇಲೆಯೇ. ನಡುವಿನ ಎರಡೂವರೆ ವರ್ಷಗಳಲ್ಲಿ ಆಗಿದ್ದು ವಿಮೋಚನೆಗೆ ತದ್ವಿರುದ್ಧವಾದ ಸಂಗತಿ. ಯೂನಿಯನ್ ಸೇನೆ ಹತ್ತಿರವಾಗುತ್ತಿದ್ದ ರಾಜ್ಯಗಳ ತೋಟದ ಮಾಲೀಕರು ತಮ್ಮ ಗುಲಾಮರನ್ನು ಹೊಡೆದುಕೊಂಡು ಟೆಕ್ಸಾಸ್‌ಗೆ ಬಂದರು, ಏಕೆಂದರೆ ಯುದ್ಧದ ಬಿಸಿ ತಾಗದೆ ಗುಲಾಮಗಿರಿ ಭದ್ರವಾಗಿ ಉಳಿದಿದ್ದ ನಾಡು ಅದೊಂದೇ ಎಂದು ಅವರು ನಂಬಿದ್ದರು. 1865ರ ಜೂನ್ 19ರಂದು ಯೂನಿಯನ್ ಸೇನೆಯ ಜನರಲ್ ಗಾರ್ಡನ್ ಗ್ರೇಂಜರ್ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ತನ್ನ ಮೂರನೇ ಸಂಖ್ಯೆಯ ಆದೇಶವನ್ನು ಹೊರಡಿಸಿದಾಗ ಆ ರಾಜ್ಯದಲ್ಲಿ ಸುಮಾರು ಎರಡೂವರೆ ಲಕ್ಷ ಗುಲಾಮರಿದ್ದರು.

ಆ ಆದೇಶವನ್ನು ಪೂರ್ತಿಯಾಗಿ ಓದುವವರು ಕಡಿಮೆ. ಅದು ಉದ್ದವಾದದ್ದೇನಲ್ಲ, ಒಂದೇ ಪ್ಯಾರಾ. ಎಲ್ಲ ಗುಲಾಮರೂ ಸ್ವತಂತ್ರರು ಎಂಬುದು ಅದರ ಮೊದಲ ವಾಕ್ಯದಲ್ಲಿದೆ. ಹಳೆಯ ಒಡೆಯರಿಗೂ ಹಳೆಯ ಗುಲಾಮರಿಗೂ ವ್ಯಕ್ತಿಗತ ಹಕ್ಕುಗಳಲ್ಲೂ ಆಸ್ತಿಯ ಹಕ್ಕುಗಳಲ್ಲೂ ಸಂಪೂರ್ಣ ಸಮಾನತೆ ಇರುತ್ತದೆ ಎಂಬ ಮಾತು ಎರಡನೆಯದರಲ್ಲಿ ಬರುತ್ತದೆ; ಆ ಕಾಲದ ಸೈನ್ಯದ ಕಾಗದವೊಂದರಲ್ಲಿ ಇಂಥ ಮಾತು ಇದೆಯೆಂಬುದೇ ದೊಡ್ಡ ಸಂಗತಿ. ಆದರೆ ಮುಂದಿನ ಸಾಲುಗಳಲ್ಲಿ ದನಿ ಬದಲಾಗುತ್ತದೆ. ಬಿಡುಗಡೆಯಾದವರು ಸದ್ದಿಲ್ಲದೆ ಈಗಿರುವ ಮನೆಗಳಲ್ಲೇ ಉಳಿದು ಕೂಲಿಗೆ ದುಡಿಯಬೇಕು, ಸೈನ್ಯದ ಠಾಣೆಗಳಲ್ಲಿ ಗುಂಪು ಸೇರುವುದಕ್ಕೆ ಅವಕಾಶವಿಲ್ಲ, ಅಲ್ಲಾಗಲಿ ಬೇರೆಲ್ಲಾಗಲಿ ಅವರನ್ನು ಕೂರಿಸಿಕೊಂಡು ಸಾಕುವುದಿಲ್ಲ ಎಂದು ಆದೇಶ ಮುಗಿಯುತ್ತದೆ. ಇನ್ನೂರು ವರ್ಷಗಳಿಗೂ ಮಿಕ್ಕಿ ಬಿಟ್ಟಿ ದುಡಿದ ಜನಾಂಗಕ್ಕೆ ಬಿಡುಗಡೆಯ ದಿನವೇ ಸೋಮಾರಿತನದ ಎಚ್ಚರಿಕೆ ಕೊಟ್ಟದ್ದನ್ನು ಓದುವಾಗ ಸಿಟ್ಟು ಬರದಿದ್ದರೆ ಆಶ್ಚರ್ಯ. ಮರುವರ್ಷ, ಅಂದರೆ 1866ರಲ್ಲಿ, ಟೆಕ್ಸಾಸ್‌ನ ಶಾಸನಸಭೆ ಕಪ್ಪು ಜನರ ದುಡಿಮೆಯನ್ನೂ ಓಡಾಟವನ್ನೂ ಕಟ್ಟಿಹಾಕುವ ಕಾಯ್ದೆಗಳನ್ನು ಮಾಡಿತು.

ಅದೇ 1866ರಿಂದ ಜೂನ್ 19ರ ಹಬ್ಬವೂ ಶುರುವಾಯಿತು. ಸೇರುವುದೆಲ್ಲಿ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಊರಿನ ಮೈದಾನಗಳು ಬಿಳಿಯರವು. ಕಪ್ಪು ಜನರು ಗುಂಪಾಗಿ ನಿಂತು ಭಾಷಣ ಕೇಳುವುದನ್ನು, ಅದರಲ್ಲೂ ಗುಲಾಮಗಿರಿ ಸತ್ತ ದಿನವನ್ನು ಹಾಡಿ ಕುಣಿದು ಆಚರಿಸುವುದನ್ನು, ಸಹಿಸುವ ಮನಸ್ಸು ಬಹಳ ಜನಕ್ಕಿರಲಿಲ್ಲ. ಹೀಗಾಗಿ ಹೊಳೆಯ ದಂಡೆ, ಹಳ್ಳಿಯಾಚೆಯ ಬಯಲು, ಚರ್ಚಿನ ಹಿತ್ತಲು ಇವೇ ಹಬ್ಬದ ಜಾಗಗಳಾದವು.

ಹ್ಯೂಸ್ಟನ್ನಿನ ಜನ ಬೇರೆ ದಾರಿ ಹಿಡಿದರು. ಅವರ ಮುಂದಾಳು ಜ್ಯಾಕ್ ಯೇಟ್ಸ್. 1828ರಲ್ಲಿ ವರ್ಜೀನಿಯಾದಲ್ಲಿ ಗುಲಾಮರಾಗಿ ಹುಟ್ಟಿದ ಯೇಟ್ಸ್ ಅವರ ಹೆಂಡತಿ ಹ್ಯಾರಿಯೆಟ್ ಬೇರೊಬ್ಬ ಒಡೆಯನ ಸ್ವತ್ತಾಗಿದ್ದರು. ಯುದ್ಧದ ನಡುವೆ ಆ ಒಡೆಯ ಹ್ಯಾರಿಯೆಟ್ ಅವರನ್ನೂ ಮಕ್ಕಳನ್ನೂ ಟೆಕ್ಸಾಸ್‌ಗೆ ಕರೆದುಕೊಂಡು ಹೊರಟಾಗ, ಹೆಂಡತಿ ಮಕ್ಕಳನ್ನು ಬಿಟ್ಟಿರಲಾರದೆ ಯೇಟ್ಸ್ ತಾವೂ ಬರುವುದಾಗಿ ಬೇಡಿಕೊಂಡು ಅವರ ಜೊತೆ ಬಂದರು. ಮೇಲೆ ಹೇಳಿದ ಆ ವಲಸೆ ಎಂಥದ್ದೆಂಬುದು ಈ ಒಂದು ಸಂಸಾರದ ಕತೆಯಲ್ಲಿ ಕಾಣುತ್ತದೆ. ಬಿಡುಗಡೆಯಾದ ಮೇಲೆ ಅವರು ಹ್ಯೂಸ್ಟನ್ನಿಗೆ ಬಂದು ಹಗಲು ಸಾಮಾನಿನ ಗಾಡಿ ಹೊಡೆದರು, ರಾತ್ರಿ ಮತ್ತು ಭಾನುವಾರ ಧರ್ಮಬೋಧೆ ಮಾಡಿದರು. ಆಂಟಿಯೋಕ್ ಬ್ಯಾಪ್ಟಿಸ್ಟ್ ಚರ್ಚಿನ ಮೊದಲ ಪಾದ್ರಿಯಾದರು. 1872ರಲ್ಲಿ ಯೇಟ್ಸ್, ಮೆಥಡಿಸ್ಟ್ ಪಾದ್ರಿ ಇಲಾಯಸ್ ಡಿಬಲ್, ಸೇತುವೆ ಕಟ್ಟುವ ಕಸುಬಿನಿಂದ ಬಂದು ಶಾಸಕರಾಗಿದ್ದ ರಿಚರ್ಡ್ ಆಲೆನ್, ಕಮ್ಮಾರ ರಿಚರ್ಡ್ ಬ್ರಾಕ್ ಈ ನಾಲ್ವರ ಮುಂದಾಳುತನದಲ್ಲಿ ಎರಡು ಚರ್ಚುಗಳ ಜನ ಹಣ ಕೂಡಿಸಿ ಊರಿನ ಅಂಚಿನಲ್ಲಿ ಹತ್ತು ಎಕರೆ ಕೊಂಡು, ಅದಕ್ಕೆ ವಿಮೋಚನೆಯ ಹೆಸರನ್ನೇ ಇಟ್ಟರು. ಬೆಲೆ ಎಂಟುನೂರು ಡಾಲರ್ ಎನ್ನುವವರಿದ್ದಾರೆ, ಸಾವಿರ ಎನ್ನುವವರೂ ಇದ್ದಾರೆ. ಎಷ್ಟೇ ಆಗಿರಲಿ, ಬಟ್ಟೆ ಒಗೆದು, ಮೂಟೆ ಹೊತ್ತು, ಅಡುಗೆ ಮಾಡಿ ದುಡಿದವರ ಚಿಲ್ಲರೆ ಕಾಸು ಅಲ್ಲಿ ಸೇರಿತ್ತು.

ಗ್ರೇಂಜರ್‌ನ ಆದೇಶವನ್ನೂ ಈ ಕ್ರಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಇನ್ನೊಂದಕ್ಕೆ ಉತ್ತರ ಕೊಟ್ಟಂತಿದೆ. ಆದೇಶ ಆಸ್ತಿಯ ಹಕ್ಕಿದೆ ಎಂದು ಹೇಳಿತ್ತು. ಅವರು ಆಸ್ತಿ ಕೊಂಡರು. ಸದ್ದಿಲ್ಲದೆ ಮನೆಯಲ್ಲಿರಿ, ನಮ್ಮ ಠಾಣೆಗಳ ಬಳಿ ಗುಂಪು ಸೇರಬೇಡಿ ಎಂದಿತ್ತು. ಅವರು ಯಾರ ಅಪ್ಪಣೆಯೂ ಇಲ್ಲದೆ, ಸದ್ದು ಮಾಡಿಕೊಂಡೇ, ಗುಂಪು ಸೇರುವುದಕ್ಕೆ ತಮ್ಮದೇ ನೆಲ ಮಾಡಿಕೊಂಡರು. ಯೇಟ್ಸ್ ಮತ್ತು ಅವರ ಸಂಗಡಿಗರು ಆ ಆದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಗೆ ಮಾಡಿದರು ಎಂದು ನಾನು ವಾದಿಸುತ್ತಿಲ್ಲ. ಆದರೆ ಬೇಲಿಯೊಳಗೆ ನಿಂತವರನ್ನು ಚದುರಿಸಲು ಬೇಲಿಯ ಒಡೆಯನಿಗೆ ಮಾತ್ರ ಅಧಿಕಾರ ಎಂಬುದನ್ನು, ಜೀವಮಾನವಿಡೀ ಇನ್ನೊಬ್ಬರ ಬೇಲಿಯೊಳಗೆ ಬದುಕಿದವರಿಗಿಂತ ಚೆನ್ನಾಗಿ ಯಾರು ಬಲ್ಲರು?

ಕೊಂಡದ್ದೇನೋ ಆಯಿತು, ನೋಡಿಕೊಳ್ಳುವುದು ಸುಲಭವಾಗಿರಲಿಲ್ಲ. ಹಣವಿಲ್ಲದ್ದರಿಂದ ಮೊದಲ ಹಲವು ವರ್ಷ ಪಾರ್ಕಿನ ಬಾಗಿಲು ತೆರೆಯುತ್ತಿದ್ದದ್ದೇ ಜೂನ್ ಹಬ್ಬಕ್ಕೆ. ಆ ಕಾಲದ ಹಬ್ಬದ ಸೊಗಸನ್ನು ಹೇಳುವ ಒಂದು ಫೋಟೋ ಉಳಿದಿದೆ. 1908ರದ್ದು; ಯೇಟ್ಸ್ ಅವರ ಇಬ್ಬರು ಹೆಣ್ಣುಮಕ್ಕಳು, ಮಾರ್ತಾ ಮತ್ತು ಪಿಂಕಿ, ಮೈತುಂಬ ಹೂವಿನಿಂದ ಅಲಂಕರಿಸಿದ ಕುದುರೆಗಾಡಿಯಲ್ಲಿ ಆಂಟಿಯೋಕ್ ಚರ್ಚಿನ ಮುಂದೆ ಕುಳಿತಿದ್ದಾರೆ. ಗುಲಾಮರ ಕಾಲದಲ್ಲಿ ಒಳ್ಳೆಯ ಬಟ್ಟೆ ತೊಡುವುದಕ್ಕೂ ಒಡೆಯನ ಮರ್ಜಿ ಬೇಕಿತ್ತು ಎಂಬುದನ್ನು ನೆನೆದು ಆ ಫೋಟೋ ನೋಡಿದರೆ, ಹಬ್ಬದ ದಿನ ಹೊಸ ಬಟ್ಟೆ ಉಡುವುದು ಏಕೆ ಅಷ್ಟು ಮುಖ್ಯವಾಗಿತ್ತು ಎಂದು ಯಾರೂ ವಿವರಿಸಬೇಕಾಗಿಲ್ಲ.

20ನೇ ಶತಮಾನದ ಎರಡನೇ ದಶಕದಲ್ಲಿ ಪಾರ್ಕನ್ನು ನಗರಕ್ಕೆ ದಾನವಾಗಿ ಕೊಡಲಾಯಿತು. ಅಷ್ಟರಲ್ಲಿ ಜನಾಂಗಗಳನ್ನು ಬೇರ್ಪಡಿಸುವ ಕಾನೂನುಗಳು ಗಟ್ಟಿಯಾಗಿ ಬೇರುಬಿಟ್ಟಿದ್ದವು. ಪರಿಣಾಮವಾಗಿ 1940ರವರೆಗೆ, ಸುಮಾರು ಎರಡು ದಶಕಗಳ ಕಾಲ, ಹ್ಯೂಸ್ಟನ್ನಿನ ಕಪ್ಪು ಜನರಿಗೆ ಪ್ರವೇಶವಿದ್ದ ಸಾರ್ವಜನಿಕ ಪಾರ್ಕ್ ಇದೊಂದೇ ಆಗಿತ್ತು. ಅಂದರೆ ನಗರಸಭೆ ತನ್ನ ಕಪ್ಪು ಪ್ರಜೆಗಳಿಗೆಂದು ಬಿಟ್ಟುಕೊಟ್ಟದ್ದು ಆ ಪ್ರಜೆಗಳೇ ಹಿಂದೆ ತಮ್ಮ ಹಣದಿಂದ ಕೊಂಡು ನಗರಕ್ಕೆ ಕೊಟ್ಟಿದ್ದ ನೆಲವನ್ನು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಕೇಂದ್ರ ಸರ್ಕಾರದ ಕಾಮಗಾರಿ ಯೋಜನೆಯಿಂದ ಹಣ ಬಂದು, 1938-39ರಲ್ಲಿ ವಾಸ್ತುಶಿಲ್ಪಿ ವಿಲಿಯಂ ವಾರ್ಡ್ ವಾಟ್ಕಿನ್ ಅವರ ವಿನ್ಯಾಸದಲ್ಲಿ ಸಮುದಾಯ ಭವನ, ಈಜುಕೊಳ, ಬಟ್ಟೆ ಬದಲಿಸುವ ಮನೆ ಎದ್ದವು. ವರ್ಷಕ್ಕೊಮ್ಮೆಯ ಹಬ್ಬದ ಬಯಲು ವರ್ಷವಿಡೀ ಬಳಸುವ ಜಾಗವಾಗಿ ಮಾರ್ಪಟ್ಟದ್ದು ಆ ಕಟ್ಟಡದಿಂದ. ಹಬ್ಬದ ನೆನಪು ಉಳಿಯಲು ಆ ಕಟ್ಟಡ ಮಾಡಿದ ಉಪಕಾರ ದೊಡ್ಡದು, ಏಕೆಂದರೆ ಮಗು ಬೇಸಿಗೆಯಲ್ಲಿ ಈಜು ಕಲಿಯಲು ಹೋಗುವ ಜಾಗದ ಹೆಸರೇ ವಿಮೋಚನೆ ಎಂದಿದ್ದಾಗ, ಅದು ಏನು ಎಂದು ಒಂದಲ್ಲ ಒಂದು ದಿನ ಅಜ್ಜಿಯನ್ನು ಕೇಳಿಯೇ ಕೇಳುತ್ತದೆ.

ಈ ಪಾರ್ಕಿನ ಸುತ್ತಲಿನ ಬೀದಿಗಳ ಹೆಸರಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. 19ನೇ ಶತಮಾನದ ಕೊನೆಯಲ್ಲಿ ಪಾರ್ಕಿನ ಒಂದು ಬದಿಯ ಬೀದಿಗೆ ಡೌಲಿಂಗ್ ಬೀದಿ ಎಂದು ಹೆಸರಿಟ್ಟರು; ಇನ್ನೊಂದು ಬದಿಯದು ಟುವಾಮ್ ಬೀದಿ. ಡಿಕ್ ಡೌಲಿಂಗ್ ಹ್ಯೂಸ್ಟನ್ನಿನಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಐರ್ಲೆಂಡಿನವ, ದಂಗೆಯೆದ್ದ ದಕ್ಷಿಣದವರ ಕಾನ್ಫೆಡರೇಟ್ ಸೇನೆಯ ಅಧಿಕಾರಿ. ಟುವಾಮ್ ಅವನು ಹುಟ್ಟಿದ ಜಾಗದ ಹತ್ತಿರದ ಐರಿಶ್ ಊರು. 1863ರ ಸೆಪ್ಟೆಂಬರಿನಲ್ಲಿ ಸಬೀನ್ ಪಾಸ್ ಎಂಬಲ್ಲಿ ಐವತ್ತಕ್ಕೂ ಕಡಿಮೆ ಜನರನ್ನು ಕಟ್ಟಿಕೊಂಡು ಯೂನಿಯನ್ನಿನ ಹಡಗುಗಳನ್ನು ಹಿಮ್ಮೆಟ್ಟಿಸಿದ್ದು ಅವನ ಕೀರ್ತಿ. ಲಿಂಕನ್ ಘೋಷಣೆ ಬಂದು ಒಂಬತ್ತು ತಿಂಗಳೂ ಆಗಿರಲಿಲ್ಲ. ಆ ಹಡಗುಗಳು ದಾಟಿಬಂದಿದ್ದರೆ ಟೆಕ್ಸಾಸ್‌ನ ಗುಲಾಮರ ಬಿಡುಗಡೆ ಎಷ್ಟು ಬೇಗ ಆಗುತ್ತಿತ್ತೋ ಯಾರು ಬಲ್ಲರು. ಬಿಡುಗಡೆಯನ್ನು ತಡೆದವನ ಹೆಸರು ಬಿಡುಗಡೆಯ ಪಾರ್ಕಿನ ಒಂದು ಪಕ್ಕಕ್ಕೆ, ಅವನ ಹುಟ್ಟುಸೀಮೆಯ ಊರಿನ ಹೆಸರು ಇನ್ನೊಂದು ಪಕ್ಕಕ್ಕೆ. ಇದು ಕಾಕತಾಳೀಯ ಎಂದು ನಂಬುವುದು ಕಷ್ಟ. ನೂರಕ್ಕೂ ಹೆಚ್ಚು ವರ್ಷ ಜನ ಜೂನ್‌ಟೀಂತ್ ಹಬ್ಬಕ್ಕೆ ಡೌಲಿಂಗ್ ಬೀದಿಯನ್ನು ಹಿಡಿದೇ ಬಂದರು. 2017ರಲ್ಲಿ ಆ ಬೀದಿ ಎಮ್ಯಾನ್ಸಿಪೇಶನ್ ಅವೆನ್ಯೂ ಆಯಿತು. ಟುವಾಮ್ ಬೀದಿ ಹಾಗೆಯೇ ಇದೆ.

ಹೀಗೆ ಜನ ಕೊಂಡ ಹಬ್ಬದ ನೆಲಗಳು ಟೆಕ್ಸಾಸ್‌ನಲ್ಲಿ ಇನ್ನೂ ಇದ್ದವು, ಎಲ್ಲವೂ ಉಳಿಯಲಿಲ್ಲ. ಆಸ್ಟಿನ್ ನಗರದ ಪೂರ್ವ ಭಾಗದಲ್ಲಿ ಇದೇ ಹೆಸರಿನ ಇನ್ನೊಂದು ಪಾರ್ಕ್ ಇತ್ತು. 1930ರ ದಶಕದ ಕೊನೆಯಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡು ಅಲ್ಲಿ ಕಪ್ಪು ಬಡವರಿಗೆಂದು ರೋಸ್‌ವುಡ್ ಕೋರ್ಟ್ಸ್ ಎಂಬ ವಸತಿಗೃಹಗಳನ್ನು ಕಟ್ಟಿತು. ಮನೆ ಬೇಕಿದ್ದದ್ದು ನಿಜ, ಆದರೆ ಮನೆ ಕೊಡುವುದಕ್ಕೆ ಅವರ ಹಬ್ಬದ ಬಯಲೇ ಏಕೆ ಬೇಕಾಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಮೆಹಿಯಾ ಊರಿನ ಹತ್ತಿರ ಸರೋವರದ ದಂಡೆಯಲ್ಲಿ, ಇದೇ ಹಬ್ಬಕ್ಕೆಂದು ಕೊಂಡ ಬೂಕರ್ ಟಿ. ವಾಷಿಂಗ್ಟನ್ ಪಾರ್ಕ್ ಇದೆ. ಅಲ್ಲಿಯ ಜೂನ್ ಹಬ್ಬಕ್ಕೆ ಒಂದು ಕಾಲದಲ್ಲಿ ಸಾವಿರಗಟ್ಟಲೆ ಜನ ಬರುತ್ತಿದ್ದರು. 1981ರ ಹಬ್ಬದ ರಾತ್ರಿ ಪೊಲೀಸರು ಮೂವರು ಕಪ್ಪು ಹುಡುಗರನ್ನು ಹಿಡಿದು ದೋಣಿಯಲ್ಲಿ ಸರೋವರ ದಾಟಿಸುತ್ತಿದ್ದಾಗ ದೋಣಿ ಮಗುಚಿತು. ಹುಡುಗರು ಮುಳುಗಿ ಸತ್ತರು, ಅಧಿಕಾರಿಗಳು ಬದುಕಿದರು, ವಿಚಾರಣೆಯಲ್ಲಿ ಖುಲಾಸೆಯೂ ಆದರು. ಆಮೇಲೆ ಆ ಹಬ್ಬ ಮೊದಲಿನಂತೆ ನಡೆಯಲಿಲ್ಲ.

ಹ್ಯೂಸ್ಟನ್ನಿನ ಪಾರ್ಕಿಗೆ ಬಂದ ಕಷ್ಟ ಬೇರೆ ಬಗೆಯದು. ಬೇರ್ಪಡಿಕೆಯ ಕಾನೂನುಗಳು ಬಿದ್ದುಹೋದ ಮೇಲೆ ಅನುಕೂಲವಿದ್ದ ಕುಟುಂಬಗಳು ಹೊಸ ಬಡಾವಣೆಗಳಿಗೆ ಹೋದವು, ಥರ್ಡ್ ವಾರ್ಡಿನ ವ್ಯಾಪಾರ ಸೊರಗಿತು, ಭವನದ ಗೋಡೆಗಳಿಗೆ ಬಣ್ಣ ಬಳಿಯುವವರಿಲ್ಲದಾಯಿತು. ವಿಚಿತ್ರವೆಂದರೆ ಹಬ್ಬಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಹ್ಯೂಸ್ಟನ್ನಿನ ಶಾಸಕ ಆಲ್ ಎಡ್ವರ್ಡ್ಸ್ 1979ರಲ್ಲಿ ಮಂಡಿಸಿ ಗೆಲ್ಲಿಸಿದ ಮಸೂದೆಯಿಂದಾಗಿ 1980ರಿಂದ ಜೂನ್ 19 ಟೆಕ್ಸಾಸ್‌ನಲ್ಲಿ ರಾಜ್ಯದ ರಜಾದಿನವಾಯಿತು. ದಿನಕ್ಕೆ ಗೌರವ ಬಂತು, ಜಾಗ ಹಾಳು ಬೀಳುತ್ತಿತ್ತು. 2007ರಲ್ಲಿ ಅದನ್ನು ನಗರದ ಚಾರಿತ್ರಿಕ ಸ್ಥಳವೆಂದು ಘೋಷಿಸಿದ ಮೇಲೆ ಊರಿನವರ ಒತ್ತಾಯ ಬಲವಾಯಿತು. ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದ ವಿನ್ಯಾಸದಲ್ಲೂ ಕೈಯಿದ್ದ ವಾಸ್ತುಶಿಲ್ಪಿ ಫಿಲಿಪ್ ಫ್ರೀಲನ್ ಅವರು ರೂಪಿಸಿದ, ಮೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚದ ಜೀರ್ಣೋದ್ಧಾರ ಮುಗಿದು 2017ರ ಜೂನ್‌ನಲ್ಲಿ ಪಾರ್ಕ್ ಮತ್ತೆ ತೆರೆಯಿತು. ವಾಟ್ಕಿನ್ನರ ಹಳೆಯ ಕಟ್ಟಡವನ್ನು ಕೆಡವದೆ ಸಾಂಸ್ಕೃತಿಕ ಕೇಂದ್ರವಾಗಿ ಉಳಿಸಿಕೊಂಡು, ಆಟಗಳಿಗೆ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿದ್ದು ಒಳ್ಳೆಯ ನಿರ್ಧಾರವೆಂದು ನನ್ನ ಅಭಿಪ್ರಾಯ.

ಇನ್ನು ನಾನು ನೋಡಿದ ಹಬ್ಬ. ಜೂನ್ ತಿಂಗಳ ಹ್ಯೂಸ್ಟನ್ನಿನ ಸೆಕೆಯನ್ನು ಅನುಭವಿಸಿದವರೇ ಬಲ್ಲರು. ನೆರಳಿನಲ್ಲಿ ನಿಂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಆದರೂ ಬೆಳಗಿನಿಂದಲೇ ಜನ ಮಡಚುವ ಕುರ್ಚಿ, ಐಸ್‌ಪೆಟ್ಟಿಗೆ, ಕೊಡೆಗಳನ್ನು ಹೊತ್ತು ಬಂದು ಮರಗಳ ಬುಡಗಳನ್ನು ಹಿಡಿದಿದ್ದರು. ಒಂದು ಮರದ ಕೆಳಗೆ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ದೊಡ್ಡ ಸಂಸಾರವೊಂದು ಕೂತಿತ್ತು. ಗಾಲಿಕುರ್ಚಿಯಲ್ಲಿದ್ದ ಹಿರಿಯ ಹೆಂಗಸನ್ನು ನಡುವೆ ಕೂರಿಸಿಕೊಂಡು, ಬಂದವರೆಲ್ಲ ಮೊದಲು ಅವರ ಹತ್ತಿರ ಬಾಗಿ ಮಾತಾಡಿಸಿಯೇ ತಟ್ಟೆ ಹಿಡಿಯುತ್ತಿದ್ದರು. ನನಗೂ ಒಂದು ಕುರ್ಚಿ ಸಿಕ್ಕಿತು, ಒಂದು ಲೋಟ ಕೆಂಪು ಸೋಡಾ ಸಿಕ್ಕಿತು. ಈ ಹಬ್ಬದಲ್ಲಿ ಕುಡಿಯುವುದೂ ತಿನ್ನುವುದೂ ಆದಷ್ಟು ಕೆಂಪಾಗಿರಬೇಕು: ಸೋಡಾ, ಕಲ್ಲಂಗಡಿ, ಸಾಸು ಸವರಿದ ಮಾಂಸ. ಅದು ಪೂರ್ವಿಕರು ಸುರಿಸಿದ ರಕ್ತದ ಗುರುತು ಎಂದು ಕೆಲವರು ಹೇಳುತ್ತಾರೆ, ಪಶ್ಚಿಮ ಆಫ್ರಿಕಾದ ದಾಸವಾಳದ ಜಾತಿಯ ಹೂವಿನ ಪಾನೀಯ ಸಾಗರ ದಾಟಿ ಬಂದು ಉಳಿದ ಬಗೆ ಎಂದು ಇನ್ನು ಕೆಲವರು. ಆ ಹಿರಿಯರು ಇದರಲ್ಲಿ ಯಾವುದನ್ನೂ ಹೇಳಲಿಲ್ಲ. ಇಲ್ಲಿದ್ದ ಹಳೆಯ ಈಜುಕೊಳದಲ್ಲಿ ತಾನು ಈಜು ಕಲಿತೆ ಎಂದೂ, ಆಗ ಬೇರೆ ಕೊಳಗಳಿಗೆ ತಮ್ಮನ್ನು ಬಿಡುತ್ತಿರಲಿಲ್ಲ ಎಂದೂ, ಮಾಂಸ ಇನ್ನೂ ಸ್ವಲ್ಪ ಬೇಯಬೇಕಿತ್ತು ಎಂದೂ ಹೇಳಿದರು. ವೇದಿಕೆಯ ಮೇಲಿಂದ ಆದೇಶವನ್ನು ಗಟ್ಟಿಯಾಗಿ ಓದುವಾಗ ಮೊದಲ ವಾಕ್ಯಕ್ಕೆ ಜನ ಕೇಕೆ ಹಾಕಿದರು. ಸೋಮಾರಿತನದ ಸಾಲು ಬಂದಾಗ ನನ್ನ ಪಕ್ಕದ ಮರದ ಕೆಳಗಿನಿಂದ ಜೋರಾದ ನಗು ಕೇಳಿಸಿತು. ಭಾಷಣಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಬ್ಯಾಂಡು ಚೆನ್ನಾಗಿತ್ತು.

ಹಿಂದಿನ ವರ್ಷವಷ್ಟೇ, 2021ರ ಜೂನ್ 17ರಂದು, ಅಧ್ಯಕ್ಷ ಬೈಡನ್ ಸಹಿ ಹಾಕಿ ಈ ದಿನವನ್ನು ಇಡೀ ದೇಶದ ರಜಾದಿನವಾಗಿ ಮಾಡಿದ್ದರು. ಆ ಸಹಿಯ ಹೊತ್ತಿಗೆ ಅವರ ಪಕ್ಕದಲ್ಲಿದ್ದ, ಈ ರಜಾದಿನಕ್ಕಾಗಿ ಹೋರಾಡಿದ್ದ, ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಓಪಲ್ ಲೀ ಅವರಿಗೆ ಆಗ ತೊಂಬತ್ತನಾಲ್ಕು ವರ್ಷ. ಅವರ ತಂದೆತಾಯಿ ಬಿಳಿಯರ ಬೀದಿಯಲ್ಲಿ ಮನೆ ಕೊಂಡರೆಂಬ ಕಾರಣಕ್ಕೆ ಗುಂಪೊಂದು ಆ ಮನೆಯನ್ನು ಹಾಳುಗೆಡವಿದ್ದು 1939ರ ಜೂನ್ 19ರಂದೇ. ಹ್ಯೂಸ್ಟನ್ನಿನ ಸಮುದಾಯ ಭವನದ ಕೆಲಸ ನಡೆದದ್ದೂ ಅದೇ ಕಾಲದಲ್ಲಿ. ಕಪ್ಪು ಜನರು ನೆಲ ಕೊಳ್ಳುವುದು, ಅಲ್ಲಿ ನಿಲ್ಲುವುದು ಎಷ್ಟು ದುಬಾರಿಯ ಕೆಲಸವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ದುಬಾರಿ ಈಗ ಇನ್ನೊಂದು ರೂಪದಲ್ಲಿ ಬಂದಿದೆ. ಪಾರ್ಕಿನ ಸುತ್ತ ಹಳೆಯ ಮರದ ಮನೆಗಳಿದ್ದ ಕಡೆ ಮೂರಂತಸ್ತಿನ ಹೊಸ ಮನೆಗಳ ಸಾಲು ಏಳುತ್ತಿದೆ, ನೆಲದ ಬೆಲೆ ಏರಿ ತೆರಿಗೆಯೂ ಏರುತ್ತಿದೆ. ಪಾರ್ಕ್ ಚೆಂದವಾದದ್ದೇ ಅದಕ್ಕೊಂದು ಕಾರಣ ಎನ್ನುವ ಮಾತು ಹಬ್ಬದ ದಿನವೂ ಕಿವಿಗೆ ಬಿತ್ತು. ಭವನ ಉಳಿದು ಅದನ್ನು ಕಟ್ಟಿಕೊಂಡವರ ಮೊಮ್ಮಕ್ಕಳು ಊರು ಬಿಡಬೇಕಾಗಿ ಬಂದರೆ, ಮುಂದಿನ ಐವತ್ತು ವರ್ಷದ ಹಬ್ಬಕ್ಕೆ ಜನ ದೂರದಿಂದ ಕಾರಿನಲ್ಲಿ ಬರಬೇಕಾದೀತು. ಈಗಾಗಲೇ ಬಹಳ ಮಂದಿ ಹಾಗೆಯೇ ಬರುತ್ತಿದ್ದಾರೆ.

ಹ್ಯೂಸ್ಟನ್ನಿಗೆ ಹೋಗುವವರು, ಜೂನ್ ಅಲ್ಲದಿದ್ದರೂ, ಈ ಪಾರ್ಕನ್ನು ನೋಡಬಹುದು. ಎಲ್ಗಿನ್ ಬೀದಿ ಮತ್ತು ಎಮ್ಯಾನ್ಸಿಪೇಶನ್ ಅವೆನ್ಯೂ ಸೇರುವ ಮೂಲೆಯಲ್ಲಿದೆ. ಅದಕ್ಕೂ ಮೊದಲು ನಗರದ ನಡುವಿನ ಸ್ಯಾಮ್ ಹ್ಯೂಸ್ಟನ್ ಪಾರ್ಕಿಗೆ ಹೋಗಿ ಯೇಟ್ಸ್ ಅವರು 1870ರಲ್ಲಿ ಕಟ್ಟಿದ ಮನೆಯನ್ನು ನೋಡುವುದು ಒಳ್ಳೆಯದು. ಅದನ್ನು ಮೂಲದ ಜಾಗದಿಂದ ತಂದು ಅಲ್ಲಿ ಕಾಪಾಡಿದ್ದಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಗಾಜಿನ ಎತ್ತರದ ಕಟ್ಟಡಗಳ ನಡುವೆ, ಆಂಟಿಯೋಕ್ ಚರ್ಚಿನ ಇಟ್ಟಿಗೆಯ ಕಟ್ಟಡವಿದೆ. 1870ರ ದಶಕದಲ್ಲಿ ಕಟ್ಟಿದ ಅದರಲ್ಲಿ ಇಂದಿಗೂ ಭಾನುವಾರದ ಪ್ರಾರ್ಥನೆ ನಡೆಯುತ್ತದೆ. ಮನೆ, ಚರ್ಚು, ಪಾರ್ಕು ಈ ಕ್ರಮದಲ್ಲಿ ನೋಡಿದರೆ ಅರ್ಧ ದಿನ ಸಾಕು, ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿಕೊಳ್ಳಿ.